ಖಾಲಿ ಜಾಗ ಕಂಡವರು

ಎಂಟನೇ ತರಗತಿಗೆ ಒತ್ತಡದ ಪಾಠ ಮಾಡುವಾಗ ನಾನು ಕೊಡುವ ಉದಾಹರಣೆಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಒಂದೇ. ಮೊಂಡು ಚಾಕು, ಹರಿತ ಚಾಕು, ಮೊಳೆಯ ಮೊನೆ, ಪುಸ್ತಕದ ಚೀಲದ ಅಗಲ ಪಟ್ಟಿ, ಒಂಟೆಯ ಪಾದ. ಬಲ ಅಷ್ಟೇ ಇದ್ದರೂ ಅದು ಬೀಳುವ ಜಾಗ ಕಿರಿದಾದಷ್ಟೂ ಒತ್ತಡ ಹೆಚ್ಚು ಎಂದು ಹೇಳಿ ಎರಡು ಲೆಕ್ಕ ಮಾಡಿಸಿದರೆ ಪಾಠ ಮುಗಿಯಿತು. ಈಚೆಗೆ ಕೆಲವು ವರ್ಷಗಳಿಂದ ಇದಕ್ಕೆ ಇನ್ನೊಂದು ಉದಾಹರಣೆ ಸೇರಿಸಿದ್ದೇನೆ: ಹಾಸಿಗೆ ಹಿಡಿದವರ ಹಿಮ್ಮಡಿ.

ಕಳೆದ ತಿಂಗಳು ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಮಲಗಿದವರಿಗೆ ಎಂಥ ಒತ್ತಡ? ಅವರು ಸುಮ್ಮನೆ ಮಲಗಿರ್ತಾರಲ್ಲ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಹಲಗೆಯ ಮೇಲೆ ಚಿತ್ರ ಬರೆದು ಉತ್ತರ ಹೇಳಿದೆ. ಆದರೆ ಆ ಉತ್ತರವನ್ನು ನಾನು ಯಾರಿಂದ ಕಲಿತೆ ಎಂಬುದನ್ನು ಹೇಳಲಿಲ್ಲ. ಬಿ.ಎಸ್ಸಿ.ಯಲ್ಲಿ ಕಲಿತದ್ದಲ್ಲ, ಬಿ.ಎಡ್.ನಲ್ಲಂತೂ ಅಲ್ಲವೇ ಅಲ್ಲ. ಈ ವಾರ ಅದನ್ನೇ ಬರೆಯುತ್ತೇನೆ.

ನನ್ನ ಅಮ್ಮ 2018ರ ಜುಲೈ ತಿಂಗಳಲ್ಲಿ ಬಿದ್ದರು. ಆಗ ಅವರಿಗೆ 81 ವರ್ಷ. ಅಪ್ಪ ತೀರಿಕೊಂಡ ಮೇಲೆ ಉಡುಪಿಯ ಕಡೆಯ ನಮ್ಮ ಹಳೆಯ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ನನ್ನ ಶಾಲೆ ಅಲ್ಲಿಗೆ ನಲವತ್ತು ಕಿಲೋಮೀಟರ್ ದೂರ. ಶನಿವಾರ ಹೋಗಿ ಭಾನುವಾರ ಸಂಜೆ ಹಿಂದಿರುಗುವುದು ರೂಢಿ. "ಅಮ್ಮನನ್ನು ಕರೆದುಕೊಂಡು ಹೋಗಬಾರದಿತ್ತೇ?" ಎಂದು ನೀವು ಕೇಳಬಹುದು. ಬಹಳ ಮಂದಿ ಕೇಳಿದ್ದಾರೆ. ಎರಡು ಸಲ ಕರೆದುಕೊಂಡು ಹೋಗಿದ್ದೆ. ಎರಡು ಸಲವೂ ಮೂರನೆಯ ವಾರಕ್ಕೆ ಅಮ್ಮ ಬಟ್ಟೆಯ ಚೀಲ ತುಂಬಿಸಿ ಜಗಲಿಯಲ್ಲಿ ಕುಳಿತರು. "ನಿನ್ನ ಊರಲ್ಲಿ ನನಗೆ ಯಾರುಂಟು? ಭಾನುವಾರ ಯಾವ ಬೆಂಚಲ್ಲಿ ಕೂರುದು?" ಎಂಬುದು ಅವರ ವಾದ. ಆ ಬೆಂಚಿನ ಬೆಲೆ ನನಗೆ ಆಗ ತಿಳಿದಿರಲಿಲ್ಲ. ಸಭೆಗೆ ನಾನು ಹೋಗುತ್ತಿದ್ದುದೇ ಕ್ರಿಸ್ಮಸ್ಸಿಗೆ, ಈಸ್ಟರಿಗೆ, ಮತ್ತೆ ಯಾರಾದರೂ ತೀರಿಕೊಂಡಾಗ. (ಕರಾವಳಿಯ ನಮ್ಮ ಪ್ರೊಟೆಸ್ಟೆಂಟರಲ್ಲಿ 'ಸಭೆ' ಎಂದರೆ ಮೀಟಿಂಗ್ ಅಲ್ಲ, ಒಂದು ಚರ್ಚಿಗೆ ಸೇರಿದ ಇಡೀ ಜನ.)

ಅದು ಭಾನುವಾರ. ಶಾಲೆಯ ಕೆಲಸ ಇದ್ದುದರಿಂದ ಆ ವಾರ ನಾನು ಊರಿಗೆ ಹೋಗಿರಲಿಲ್ಲ. ಬೆಳಿಗ್ಗೆ ಐದು ಗಂಟೆಗೆ ಎದ್ದು ಅಮ್ಮ ಬಚ್ಚಲಿಗೆ ಹೋಗಿದ್ದಾರೆ. ವಯಸ್ಸಾದವರು ಹಾಸಿಗೆಯಿಂದ ಥಟ್ಟನೆ ಎದ್ದು ನಿಂತಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಎಳೆಯರಲ್ಲಿ ರಕ್ತನಾಳಗಳು ಕೂಡಲೇ ಬಿಗಿದುಕೊಂಡು ಅದನ್ನು ಸರಿಪಡಿಸುತ್ತವೆ, ಮುದುಕರಲ್ಲಿ ಆ ಕೆಲಸ ನಿಧಾನ. ಅಷ್ಟರಲ್ಲಿ ತಲೆ ತಿರುಗಿರುತ್ತದೆ. ಬಚ್ಚಲಲ್ಲಿ ಇದ್ದುದು ಝೀರೋ ಬಲ್ಬು. ಕರೆಂಟು ಉಳಿಸಲೆಂದು ಅದನ್ನು ಹಾಕಿಸಿದವನು ನಾನೇ. (ಅದು ಝೀರೋ ಏನಲ್ಲ, ಹಳೆಯ ಮಾದರಿಯದು ಸುಮಾರು 15 ವ್ಯಾಟ್ ತಿನ್ನುತ್ತದೆ.) ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ಹರೆಯದವರ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರವರ ಅಕ್ಷಿಪಟಲಕ್ಕೆ ತಲಪುತ್ತದೆ. ಎಂಬತ್ತೊಂದರ ಕಣ್ಣಿಗೆ ಆ ಬಲ್ಬು ಇದ್ದೂ ಇಲ್ಲದ ಹಾಗೆ. ಇದನ್ನೆಲ್ಲ ತರಗತಿಯಲ್ಲಿ ಚೆನ್ನಾಗಿಯೇ ವಿವರಿಸುತ್ತಿದ್ದೆ.

ಅಮ್ಮ ಬಿದ್ದ ಸದ್ದಾಗಲಿ ಕೂಗಿದ್ದಾಗಲಿ ನೆರೆಮನೆಗೆ ಕೇಳಲಿಲ್ಲ. ಹಂಚಿನ ಮಾಡಿನ ಮೇಲೆ ಜುಲೈ ತಿಂಗಳ ಮಳೆ ಹೊಯ್ಯುವಾಗ ಒಳಗೆ ಮಾತಾಡಿದ್ದೇ ಕೇಳುವುದಿಲ್ಲ. ಮೊಬೈಲು ಚಾವಡಿಯ ಮೇಜಿನ ಮೇಲಿತ್ತು. ಒದ್ದೆ ನೆಲದ ಮೇಲೆ ಅವರು ಸುಮಾರು ನಾಲ್ಕು ಗಂಟೆ ಬಿದ್ದಿದ್ದರು.

ಎಂಟೂವರೆಗೆ ಆರಾಧನೆ ಶುರುವಾಯಿತು. ಎಡಗಡೆಯ ಮೂರನೇ ಬೆಂಚು, ಕಿಟಕಿಯ ಬದಿ, ಅಮ್ಮನ ಜಾಗ. ಅದರ ಹಿಂದಿನ ಬೆಂಚಿನಲ್ಲಿ ಕೂರುವವರು ಹೊಲಿಗೆ ಅಕ್ಕ. ಟೈಲರಿಂಗ್ ಮಾಡಿ ಸಂಸಾರ ಸಾಗಿಸಿದವರಾದ್ದರಿಂದ ಊರಿಗೆಲ್ಲ ಅವರು ಹೊಲಿಗೆ ಅಕ್ಕನೇ. ಮೊದಲನೇ ಕೀರ್ತನೆ ಮುಗಿಯುವುದರೊಳಗೆ ಎರಡು ಸಲ ಬಾಗಿಲ ಕಡೆ ನೋಡಿದರಂತೆ. ಮಳೆ ಬಂದರೆ ತಡವಾಗುವ ಜಾತಿಯವರಲ್ಲ ಅಮ್ಮ. ಪ್ರಸಂಗ ಶುರುವಾಗುವ ಮೊದಲೇ ಅಕ್ಕ ಎದ್ದು ಹೊರಗೆ ಹೋಗಿ, ರಿಕ್ಷಾ ಓಡಿಸುವ ಯೌವನಸ್ಥರ ಸಂಘದ ಹುಡುಗನನ್ನು ಎಬ್ಬಿಸಿಕೊಂಡು ಮನೆಗೆ ಬಂದರು. ಹಿಂಬಾಗಿಲ ಚಿಲಕ ಮುರಿದರು. ನನಗೆ ಫೋನು ಬಂದಾಗ ಒಂಬತ್ತೂಕಾಲು.

ಮುರಿದದ್ದು ತೊಡೆಮೂಳೆಯ ಕುತ್ತಿಗೆ. ಮೂಳೆ ಗಟ್ಟಿಯಾಗುವುದು ಸುಮಾರು ಮೂವತ್ತನೇ ವಯಸ್ಸಿನವರೆಗೆ. ಆಮೇಲೆ ಕೂಡಿಟ್ಟದ್ದನ್ನು ಖರ್ಚು ಮಾಡುವುದೇ. ಹೆಂಗಸರಲ್ಲಿ ಮುಟ್ಟು ನಿಂತ ಬಳಿಕ ಆ ಖರ್ಚು ಜೋರು. ತೊಡೆಮೂಳೆಯ ತಲೆಗೆ ಹೋಗುವ ರಕ್ತನಾಳಗಳು ಆ ಕುತ್ತಿಗೆಯ ಗುಂಟ ಸಾಗುವುದರಿಂದ ಅಲ್ಲಿ ಮುರಿದು ಸರಿದರೆ ಕೂಡಿಕೊಳ್ಳುವುದು ಕಷ್ಟ. ಹಾಗಾಗಿ ಲೋಹದ ಗುಂಡು ಜೋಡಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು, ಎರಡನೇ ದಿನ ನಿಲ್ಲಿಸಿದರು. ಮನೆಗೆ ಕಳುಹಿಸುವಾಗ ಒಂದು ಚೀಟಿಯಲ್ಲಿ ಏನೇನು ಮಾಡಬೇಕೆಂದು ಬರೆದುಕೊಟ್ಟರು. ಹೇಗೆ ಮಾಡಬೇಕೆಂದು ಯಾರೂ ತೋರಿಸಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮನಿಗೆ ಹೆದರಿಕೆ ಹಿಡಿಯಿತು. ಇನ್ನೊಮ್ಮೆ ಬಿದ್ದರೆ ಎಂದು ಹಾಸಿಗೆ ಬಿಟ್ಟು ಏಳಲೇ ಒಲ್ಲರು. ನಾನು ರಜೆ ಹಾಕಿ ಕುಳಿತೆ. ನನ್ನ ಹೆಂಡತಿಯೂ ನೌಕರಿಯವಳು, ಅವಳು ಶನಿವಾರ ಬರುತ್ತಿದ್ದಳು. ಅಮ್ಮ ಹಾಸಿಗೆಯಲ್ಲಿ ಕೆಳಕ್ಕೆ ಜಾರಿದಾಗಲೆಲ್ಲ ನಾನು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತಿದ್ದೆ. ಐದನೇ ದಿನ ಸಭೆಯ ಒಬ್ಬರು ನಿವೃತ್ತ ನರ್ಸ್ ನೋಡಲು ಬಂದರು. ಹಣ್ಣು ಕೊಟ್ಟು ಪ್ರಾರ್ಥನೆ ಮಾಡಿ ಹೋಗುವವರೆಂದು ತಿಳಿದಿದ್ದೆ. ಅವರು ಚಪ್ಪಲಿ ಕಳಚುವ ಮೊದಲೇ ಬಾಗಿಲಲ್ಲಿ ನಿಂತು ಕೂಗಿದರು:

"ಅಯ್ಯೋ, ಎಳೀಬೇಡಿ ಮಾಸ್ಟ್ರೇ! ಚರ್ಮ ಹೋಗ್ತದೆ!"

ಅಮ್ಮನನ್ನು ಮಗ್ಗುಲಿಗೆ ಹೊರಳಿಸಿ ಸೊಂಟದ ಕೆಳಗೆ, ಬಾಲಮೂಳೆಯ ಹತ್ತಿರ ತೋರಿಸಿದರು. ಎಂಟಾಣೆಯಷ್ಟು ಅಗಲದ ಕೆಂಪು. "ಒತ್ತಿ ನೋಡಿ" ಎಂದರು. ಆರೋಗ್ಯವಾದ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಒಂದು ಗಳಿಗೆ ಬಿಳುಚಿ ಮತ್ತೆ ಬಣ್ಣ ಬರುತ್ತದೆ. ಇದು ಬಿಳುಚಲಿಲ್ಲ, ಕೆಂಪಾಗಿಯೇ ಇತ್ತು. ಹಾಸಿಗೆ ಹುಣ್ಣಿನ ಮೊದಲ ಹಂತ.

ಮಕ್ಕಳೇ, ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಚರ್ಮಕ್ಕೆ ಅನ್ನ ನೀರು ಕೊಡುವುದು ಕೂದಲಿಗಿಂತ ಸಣ್ಣ ಲೋಮನಾಳಗಳು. ಅವುಗಳೊಳಗಿನ ರಕ್ತದ ಒತ್ತಡ ಸುಮಾರು 30 ಮಿಲಿಮೀಟರ್ ಪಾದರಸದಷ್ಟು, ಅಷ್ಟೇ. ಮಲಗಿದವರ ತೂಕ ಮೆತ್ತನೆಯ ಜಾಗಗಳಲ್ಲಿ ಹರಡಿಕೊಳ್ಳುತ್ತದೆ. ಆದರೆ ಹಿಮ್ಮಡಿ, ಬಾಲಮೂಳೆ, ಸೊಂಟದ ಪಕ್ಕ, ಹೀಗೆ ಮೂಳೆ ಉಬ್ಬಿದ ಕಡೆ ಕಿರಿದಾದ ಜಾಗದ ಮೇಲೆ ಬೀಳುತ್ತದೆ. ಹೊರಗಿನ ಒತ್ತಡ ಒಳಗಿನದಕ್ಕಿಂತ ಹೆಚ್ಚಾಯಿತೋ, ನಾಳ ಮುಚ್ಚಿತು. ನಾವು ನೀವು ನಿದ್ದೆಯಲ್ಲಿ ನಮಗೆ ತಿಳಿಯದೆಯೇ ಹೊರಳುತ್ತೇವೆ. ಹೊರಳಲಾರದವರನ್ನು ಬೇರೆಯವರು ಹೊರಳಿಸಬೇಕು, ಎರಡು ಗಂಟೆಗೊಮ್ಮೆ, ರಾತ್ರಿಯೂ. ಇನ್ನು ಎಳೆದರೆ ಆಗುವುದೇನೆಂದರೆ, ಘರ್ಷಣೆಯಿಂದ ಚರ್ಮ ಹಾಸಿಗೆಗೆ ಹಿಡಿದುಕೊಂಡಿರುತ್ತದೆ, ಒಳಗಿನ ಮೂಳೆ ಮಾತ್ರ ಮುಂದೆ ಸರಿಯುತ್ತದೆ, ನಡುವಿನ ರಕ್ತನಾಳಗಳು ಜಗ್ಗಿ ಹರಿಯುತ್ತವೆ. ಘರ್ಷಣೆಯ ಪಾಠವನ್ನು ನಾನು ಎಷ್ಟು ಸಲ ಮಾಡಿಲ್ಲ!

ನರ್ಸಮ್ಮ ಒಂದು ಹಳೆಯ ಹತ್ತಿ ಸೀರೆ ಕೇಳಿದರು. ಅದನ್ನು ನಾಲ್ಕು ಮಡಿಕೆ ಮಾಡಿ ಅಮ್ಮನ ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿದರು. ಇಬ್ಬರು ಎರಡು ಬದಿಯಲ್ಲಿ ಸೀರೆಯ ಅಂಚು ಸುತ್ತಿ ಹಿಡಿದು, ಒಂದು ಎರಡು ಮೂರು ಎಂದು ಎತ್ತಿ ಸರಿಸಬೇಕು. ಮಗ್ಗುಲು ಮಾಡುವಾಗ ಆಪರೇಷನ್ ಆದ ಕಾಲು ಇನ್ನೊಂದರ ಮೇಲೆ ದಾಟದಂತೆ ನಡುವೆ ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. "ಇದಕ್ಕೆ ಇಬ್ಬರು ಬೇಕಲ್ಲ?" ಎಂದೆ. "ಬೇಕು. ಅದನ್ನು ನಾವು ನೋಡ್ಕೊಳ್ತೇವೆ" ಎಂದು ಹೋದರು.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಸ್ತ್ರೀ ಸಂಘದವರು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ವಾರದ ಏಳು ದಿನ ಬರೆದು ಹೆಸರು ಹಾಕಿದರು. ಒಂಬತ್ತು ಹೆಸರು. ಅದನ್ನು ತಂದು ಅಮ್ಮನ ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಿದವರು ನಿವೃತ್ತ ಬಾಲವಾಡಿ ಟೀಚರ್. ನಾನು ಶಾಲೆಗೆ ಹಿಂದಿರುಗಿದೆ. ಹಗಲಿಗೆ ಸಂಬಳಕ್ಕೆ ಒಬ್ಬಳು ಸಿಕ್ಕಿದಳು, ರಾತ್ರಿಗೆ ನಾನು ಊರಿನಿಂದಲೇ ಬಸ್ಸಿನಲ್ಲಿ ಓಡಾಡತೊಡಗಿದೆ. ಉಳಿದ ಎಲ್ಲ ಸಂದುಗಳನ್ನು ತುಂಬಿದವರು ಆ ಒಂಬತ್ತು ಜನ. ಸೋಮವಾರ ಮತ್ತು ಶುಕ್ರವಾರ ನರ್ಸಮ್ಮ ಬಂದು ಬೆನ್ನು ನೋಡುತ್ತಿದ್ದರು. ಟೀಚರ್ ತಲೆ ಬಾಚಿ ಹೆಣೆದು, ಪೇಪರು ಓದಿ ಹೇಳುತ್ತಿದ್ದರು. ಸಭೆಯ ಇಲೆಕ್ಟ್ರಿಷಿಯನ್ ಒಬ್ಬರು ಬಚ್ಚಲಿಗೆ ಎರಡು ಟ್ಯೂಬ್‌ಲೈಟು ಹಾಕಿ, ಗೋಡೆಗೆ ಉಕ್ಕಿನ ಪೈಪಿನ ಹಿಡಿಕೆ ಜೋಡಿಸಿ, ಹೊಸ್ತಿಲ ಬಳಿಯ ಕಾಲೊರೆಸುವ ಚಾಪೆಯನ್ನು ಎತ್ತಿ ಹೊರಗೆ ಬಿಸಾಡಿದರು. ಸಭಾಪಾಲಕರು ತಿಂಗಳಿಗೊಮ್ಮೆ ಕರ್ತನ ಭೋಜನ ತರುತ್ತಿದ್ದರು. ಆ ದಿನ ಅಮ್ಮ ಬೆಳಿಗ್ಗೆಯೇ ಒಳ್ಳೆಯ ಸೀರೆ ಉಡಿಸಲು ಹೇಳುತ್ತಿದ್ದರು.

ನಡೆಯಲು ಕಲಿಸಿದ್ದು ಹೊಲಿಗೆ ಅಕ್ಕ. ಮೊದಲು ವಾಕರ್ ಮುಂದೆ, ಆಮೇಲೆ ನೋವಿನ ಕಾಲು, ಕೊನೆಗೆ ಒಳ್ಳೆಯ ಕಾಲು. ಗುರುತ್ವ ಕೇಂದ್ರದಿಂದ ಇಳಿದ ಲಂಬರೇಖೆ ಆಧಾರದ ಒಳಗೇ ಇದ್ದರೆ ವಸ್ತು ಬೀಳುವುದಿಲ್ಲ, ವಾಕರ್ ಆಧಾರವನ್ನು ಅಗಲ ಮಾಡುತ್ತದೆ ಎಂದು ನಾನು ಅಮ್ಮನಿಗೆ ವಿವರಿಸಿದ್ದೆ. ಅಮ್ಮ ಏಳಲಿಲ್ಲ. ಅಕ್ಕ ವಿವರಿಸಲಿಲ್ಲ. "ಬರುವ ತಿಂಗಳು ಬೆಳೆ ಹಬ್ಬ. ನಿಮ್ಮ ಜಾಗದಲ್ಲಿ ಬೇರೆಯವರು ಕೂತ್ರೆ ನನ್ನನ್ನು ಕೇಳ್ಬೇಡಿ" ಎಂದರು. ಅಮ್ಮ ಎದ್ದರು. ಆ ಹಬ್ಬಕ್ಕೆ ರಿಕ್ಷಾದಲ್ಲಿ ಹೋಗಿ ಮೂರನೇ ಬೆಂಚಿನಲ್ಲಿ ಕುಳಿತರು.

ಎಲ್ಲರೂ ಎಲ್ಲವನ್ನೂ ಸರಿಯಾಗಿಯೇ ಮಾಡಿದರೆಂದು ಬರೆದರೆ ನೀವು ನಂಬಬಾರದು. ಒಬ್ಬ ಹಿರಿಯರು ಬಂದರೆ ಮುಕ್ಕಾಲು ಗಂಟೆ ಪ್ರಾರ್ಥಿಸುತ್ತಿದ್ದರು, ಆಮೆನ್ ಹೇಳುವಾಗ ಅಮ್ಮನಿಗೆ ಗಾಢ ನಿದ್ರೆ. ಇನ್ನೊಬ್ಬರು ಯಾವುದೋ ಎಣ್ಣೆ ತಂದು ಆಪರೇಷನ್ ಆದ ಕಾಲನ್ನು ಉಜ್ಜಲು ಹೊರಟಿದ್ದರು. ನರ್ಸಮ್ಮ ಬಾಟಲಿ ಕಸಿದುಕೊಂಡರು. ಒಂಬತ್ತರಲ್ಲಿ ಏಳು ಹೆಸರು ಹೆಂಗಸರದ್ದು ಎಂಬುದನ್ನೂ ಹೇಳಬೇಕು. ಗಂಡಸರು ಹಿಡಿಕೆ ಜೋಡಿಸುತ್ತೇವೆ, ರಿಕ್ಷಾ ತರುತ್ತೇವೆ. ಮೈ ಒರೆಸುವ, ಕಮೋಡ್ ಕುರ್ಚಿಯ ಬಕೆಟ್ ತೊಳೆಯುವ ದಿನಗಳಲ್ಲಿ ನಮ್ಮ ಹೆಸರು ಇರುವುದಿಲ್ಲ.

ಇವರೆಲ್ಲ ನಮಗೆ ರಕ್ತಸಂಬಂಧಿಗಳಲ್ಲ. ಯಾಕೆ ಬಂದರು? ಇದಕ್ಕೆ ಸ್ವಲ್ಪ ಚರಿತ್ರೆಯೂ ಇದೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಪತ್ರಿಕೆ 'ಮಂಗಳೂರ ಸಮಾಚಾರ' (1843), ಜೆಪ್ಪುವಿನ ಹಂಚಿನ ಕಾರ್ಖಾನೆ (1865), ಕಿಟ್ಟೆಲ್ಲರ ನಿಘಂಟು (1894) ಇವು ನಿಮ್ಮ ಪಠ್ಯಪುಸ್ತಕಗಳಲ್ಲೂ ಬರುತ್ತವೆ. ಪಠ್ಯದಲ್ಲಿ ಬಾರದ ಒಂದು ಸಂಗತಿಯೆಂದರೆ, ಆಗ ಕ್ರೈಸ್ತರಾದವರಲ್ಲಿ ಹಲವರನ್ನು ಮನೆಯವರು ಹೊರಗೆ ಹಾಕಿದರು. ಆಸ್ತಿ ಹೋಯಿತು, ಕಸುಬು ಹೋಯಿತು. ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳನ್ನು ಮಿಶನ್ ತೆರೆಯಲು ಅದೂ ಒಂದು ಕಾರಣ. ದೊಡ್ಡಮ್ಮ ಚಿಕ್ಕಪ್ಪಂದಿರನ್ನು ಕಳೆದುಕೊಂಡವರಿಗೆ ಹೆರಿಗೆಗೂ ಸಾವಿಗೂ ಬರಲು ಉಳಿದದ್ದು ಸಭೆ ಒಂದೇ. ಆ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ.

ಅದಕ್ಕಿಂತ ಹಳೆಯದೂ ಉಂಟು. ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ ಒಂದು ದೂರು ಬರುತ್ತದೆ: ದಿನದ ಊಟ ಹಂಚುವಾಗ ಕೆಲವು ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು. ಅದಕ್ಕೆ ಉಪದೇಶ ಮಾಡಿ ಸುಮ್ಮನಾಗಲಿಲ್ಲ, ಆ ಕೆಲಸಕ್ಕೆಂದೇ ಏಳು ಜನರನ್ನು ನೇಮಿಸಿದರು. ನಮ್ಮ ಗೋಡೆಯ ಕ್ಯಾಲೆಂಡರ್ ಹಾಳೆ ಅದೇ ವಂಶದ್ದು. ಪ್ರೀತಿ ಇದ್ದರೆ ಸಾಲದು, ಗುರುವಾರ ಯಾರು ಎಂದು ಬರೆದಿಡಬೇಕು.

ಇನ್ನು ನನ್ನ ವಿಷಯ. ಲೆಕ್ಕ ಇಡುವುದು ನನ್ನ ಅಭ್ಯಾಸ. ಯಾರು ಯಾವತ್ತು ಎಷ್ಟು ಗಂಟೆ ಬಂದರು ಎಂದು ಒಂದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದೆ. ಋಣ ಇಟ್ಟುಕೊಳ್ಳಬಾರದು ಎಂಬ ಹಟ. ಆ ವರ್ಷದ ಕ್ರಿಸ್ಮಸ್ಸಿಗೆ ಒಂಬತ್ತು ಲಕೋಟೆ ಮಾಡಿ ಹಣ ಇಟ್ಟು ಹಂಚಿದೆ. ಮರುದಿನ ಬೆಳಿಗ್ಗೆ ಹೊಲಿಗೆ ಅಕ್ಕ ಜಗಲಿಯಲ್ಲಿ ನಿಂತಿದ್ದರು. ಲಕೋಟೆಯನ್ನು ನನ್ನ ಕೈಗೆ ಕೊಟ್ಟು, "ನೀನು ಯಾವಾಗ ನನಗೆ ಸಾಲ ಕೊಡ್ಬೇಕಾದದ್ದು? ಇದು ನಿನ್ನ ಅಮ್ಮನ ಮತ್ತು ನನ್ನ ಲೆಕ್ಕ" ಎಂದರು. ನನಗೆ ಅರ್ಥವಾಗಲಿಲ್ಲ. "ನನ್ನ ಮಕ್ಕಳು ನಿನ್ನ ಮೇಜಿನ ಅಡಿಯಲ್ಲಿ ಮಲಗ್ತಿದ್ರು, ನೆನಪುಂಟಾ?"

ನೆನಪಾಯಿತು. 1988. ನಾನು ಬಿ.ಎಸ್ಸಿ. ಕೊನೆಯ ವರ್ಷ. ಅಕ್ಕನ ಗಂಡ ಕ್ಷಯರೋಗದಿಂದ ಆಸ್ಪತ್ರೆ ಸೇರಿದ್ದರು, ಅಕ್ಕ ಅವರ ಜತೆಗಿದ್ದರು. ಇಬ್ಬರು ಸಣ್ಣ ಮಕ್ಕಳನ್ನು ಅಮ್ಮ ಎರಡು ತಿಂಗಳು ನಮ್ಮ ಮನೆಯಲ್ಲಿ ಇಟ್ಟುಕೊಂಡರು. ಇದ್ದುದು ಒಂದೇ ಕೋಣೆ, ನನ್ನ ಓದಿನ ಕೋಣೆ. ದೀಪ ಆರಿಸಬೇಕೆಂದು ಚಿಕ್ಕವನು ಅಳುತ್ತಿದ್ದ, ನಾನು ರೇಗುತ್ತಿದ್ದೆ. "ಸಭೆಯವರ ಮಕ್ಕಳನ್ನೆಲ್ಲ ಸಾಕಲು ನಮ್ಮದೇನು ಅನಾಥಾಲಯವೇ?" ಎಂದು ಒಂದು ರಾತ್ರಿ ಅಮ್ಮನಿಗೆ ಹೇಳಿದ್ದೆ. ಗೋಡೆಯ ಆಚೆ ಮಲಗಿದ್ದ ಮಕ್ಕಳಿಗೆ ಅದು ಕೇಳಿಸಿತ್ತೋ ಏನೋ. ಅಮ್ಮನ ಬೆನ್ನಿನ ಕೆಂಪು ಮಾಸಿದ್ದು, ಅವರು ಎದ್ದು ನಡೆದದ್ದು, ನಾನು ಅಂದು ಬೇಡವೆಂದ ಕೆಲಸದ ಬಲದಿಂದ. ಲಕೋಟೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಬಾಯಲ್ಲಿ ಮಾತೇ ಬರಲಿಲ್ಲ.

2020ರ ಲಾಕ್‌ಡೌನಿನಲ್ಲಿ ಆರಾಧನೆ ನಿಂತಿತು, ಯಾರೂ ಬರುವಂತಿರಲಿಲ್ಲ. ಆಗ ಟೀಚರ್ ದಿನವೂ ಹತ್ತು ಗಂಟೆಗೆ ಫೋನ್ ಮಾಡಿ, "ನೀರು ಕುಡಿದ್ರಾ?" ಎಂದು ಕೇಳುತ್ತಿದ್ದರು. ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಕುಂದುತ್ತದೆ; ದೇಹಕ್ಕೆ ನೀರು ಬೇಕಿದ್ದರೂ ಕೇಳುವುದಿಲ್ಲ, ನೀರು ಕಡಿಮೆಯಾದರೆ ತಲೆ ಗೊಂದಲವಾಗುತ್ತದೆ. ಅಮ್ಮ ಫೋನ್ ಹಿಡಿದುಕೊಂಡೇ ಲೋಟ ಖಾಲಿ ಮಾಡಿ ತೋರಿಸುತ್ತಿದ್ದರು, ಆ ಕಡೆಯವರಿಗೆ ಕಾಣುತ್ತದೆಯೋ ಎಂಬಂತೆ.

2022ರ ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡರು, ತಮ್ಮ ಮನೆಯಲ್ಲಿ, ಹುಣ್ಣಿಲ್ಲದ ಬೆನ್ನಿನಲ್ಲಿ. ಚರ್ಚಿನಲ್ಲಿ ನನ್ನನ್ನು ಎರಡು ಮಾತಾಡಲು ಕರೆದರು. ಶಾಲಾ ವಾರ್ಷಿಕೋತ್ಸವದ ವಂದನಾರ್ಪಣೆಯ ಹಾಗೆ "ಸಭೆಯ ಸಮಸ್ತರಿಗೂ ಕೃತಜ್ಞತೆಗಳು" ಎಂದು ಹೇಳಿ ಕೆಳಗಿಳಿದೆ. ಸೀರೆ ಮಡಿಕೆಯ ಬಗ್ಗೆ, ಬಕೆಟ್ಟಿನ ಬಗ್ಗೆ, ಮೇಜಿನ ಅಡಿಯ ಮಕ್ಕಳ ಬಗ್ಗೆ ಹೇಳಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದು ಮಾಡು ಬಿಚ್ಚಿ ಕೆಳಗಿಳಿಸಿದ ನಾಲ್ವರಿದ್ದಾರೆ. ಅವರ ಹೆಸರು ಅಲ್ಲೂ ಇಲ್ಲ. ಹೆಸರು ಹಾಕಿದರೆ ಈ ಒಂಬತ್ತು ಜನ ನನ್ನನ್ನು ಬೈಯುತ್ತಾರೆಂದು ನಾನೂ ಹಾಕಿಲ್ಲ.

ತಂದೆ ತಾಯಂದಿರಲ್ಲಿ ಒಂದು ಮಾತು. ಸ್ನೇಹಿತರು ಬರುತ್ತಾರೆಂದು ಮಕ್ಕಳ ಹೊಣೆ ತಪ್ಪುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯಿದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ಆದರೆ ಬಂದು ತಲೆ ಬಾಚು ಎಂದು ಯಾರಿಗೂ ಆಜ್ಞೆ ಮಾಡಲಾರದು. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ನಿಮ್ಮದು ಭಜನಾ ಮಂಡಳಿಯೋ, ಮಸೀದಿಯ ಜಮಾತೋ, ಹಾಲಿನ ಸೊಸೈಟಿಯ ಸಾಲೋ, ವಾರಕ್ಕೊಮ್ಮೆ ನಿಮ್ಮ ಮುದುಕರ ಮುಖ ನೋಡುವ ಜಾಗ ಯಾವುದಾದರೂ ಇದ್ದರೆ ಅಲ್ಲಿಂದ ಅವರನ್ನು ಕೀಳುವ ಮೊದಲು ಯೋಚಿಸಿ. ನಮ್ಮ ಸಭೆಯಲ್ಲೂ ಎಳೆಯರು ಬೆಂಗಳೂರಿಗೆ, ಗಲ್ಫಿಗೆ ಹೋಗಿದ್ದಾರೆ. ಒಂಬತ್ತು ಹೆಸರಿನಲ್ಲಿ ಆರು ಅರವತ್ತು ದಾಟಿದವರದ್ದು. ಮುಂದಿನ ಹಾಳೆಯಲ್ಲಿ ಯಾರ ಹೆಸರು ಬರೆಯುವುದೋ ತಿಳಿಯದು.

ಸದ್ಯಕ್ಕೆ ಗುರುವಾರ ನನ್ನ ಹೆಸರಿದೆ. ಹೊಲಿಗೆ ಅಕ್ಕನಿಗೆ ಈಗ 75, ಮೊನ್ನೆ ಕಣ್ಣಿನ ಪೊರೆ ತೆಗೆಸಿದರು, ಮಕ್ಕಳಿಬ್ಬರೂ ದೂರದಲ್ಲಿ. ಶಾಲೆ ಬಿಟ್ಟು ಬಸ್ಸು ಹತ್ತಿ ಹೋಗುತ್ತೇನೆ. ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಂದು ತೊಟ್ಟು ಬಿಡಬೇಕು. ಎರಡನೇ ಔಷಧಿಗೆ ಐದು ನಿಮಿಷ ಕಾಯಬೇಕು, ಇಲ್ಲದಿದ್ದರೆ ಮೊದಲನೆಯದು ತೊಳೆದುಹೋಗುತ್ತದೆ. ಕಳೆದ ವಾರ ನನ್ನ ಕೈ ನಡುಗಿ ತೊಟ್ಟು ಕೆನ್ನೆಗೆ ಬಿತ್ತು.

"ಇಷ್ಟು ವರ್ಷ ಲ್ಯಾಬಲ್ಲಿ ಎಂತ ಮಾಡಿದ್ದು ನೀನು?" ಎಂದರು ಅಕ್ಕ.

ಇನ್ನೊಂದು ತೊಟ್ಟು ಸರಿಯಾಗಿ ಬಿತ್ತು. ಕಣ್ಣು ಮುಚ್ಚಿಕೊಂಡೇ ಕೇಳಿದರು: "ಐದು ನಿಮಿಷ ಆಯ್ತಾ?"

"ಇನ್ನೂ ಮೂರುಂಟು."

"ಹಾಗಾದ್ರೆ ಆ ಪೇಪರು ತೆಗೆದು ಓದು. ಮೊದಲು ತೀರಿಕೊಂಡವರ ಪುಟ."